ಮುಂದೂಡಿದ ಗಡಿ, ಏರಿದ ಬೆಲೆ: ಭಾರತ–ಚೀನಾ ಸಂಬಂಧದ ಏಳೂವರೆ ದಶಕ

ಪೂರ್ವ ಲಡಾಖಿನ ದೆಪ್ಸಾಂಗ್ ಮತ್ತು ದೆಮ್‌ಚೋಕ್‌ನಲ್ಲಿ ಗಸ್ತು ಮತ್ತೆ ಆರಂಭವಾಗಲಿದೆ ಎಂದು ಭಾರತ ಸರ್ಕಾರ ಪ್ರಕಟಿಸಿದ್ದು 2024ರ ಅಕ್ಟೋಬರ್ 21ರಂದು. ಅದಾದ ಎರಡೇ ದಿನಕ್ಕೆ ರಷ್ಯಾದ ಕಜಾನ್‌ನಲ್ಲಿ ನರೇಂದ್ರ ಮೋದಿ ಮತ್ತು ಷಿ ಜಿನ್‌ಪಿಂಗ್ ಎದುರುಬದುರು ಕೂತು ಮಾತನಾಡಿದರು. ಮರುವರ್ಷ ಕೈಲಾಸ–ಮಾನಸ ಸರೋವರ ಯಾತ್ರೆಗೆ ದಾರಿ ತೆರೆಯಿತು, ಪ್ರಧಾನಿ ಟಿಯಾಂಜಿನ್‌ಗೆ ಹೋಗಿಬಂದರು, ನೇರ ವಿಮಾನಗಳ ಹಾರಾಟವೂ ಶುರುವಾಯಿತು. ಎರಡೂ ದೇಶಗಳ ನಡುವೆ ಇಂಥ ಬೆಚ್ಚನೆಯ ಗಾಳಿ ಬೀಸಿದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತವೆ. ನೆಹರೂ ಕಾಲದಿಂದಲೂ ಚೀನಾ ನಮ್ಮ ಬೆನ್ನಿಗೆ ಇರಿಯುತ್ತಲೇ ಬಂದಿದೆ, ಇದೂ ಅದೇ ಎನ್ನುವವರು ಒಂದು ಕಡೆ. ಎರಡು ಪುರಾತನ ನಾಗರಿಕತೆಗಳ ನಡುವಿನ ತಾತ್ಕಾಲಿಕ ಮುನಿಸು ಈಗ ಕರಗುತ್ತಿದೆ ಎನ್ನುವವರು ಇನ್ನೊಂದು ಕಡೆ. ಮೊದಲನೆಯವರು ಇಡೀ ಚರಿತ್ರೆಯನ್ನು ದ್ರೋಹದ ಕಥೆಯಾಗಿಸಿದರೆ, ಎರಡನೆಯವರು ಅದನ್ನು ತಪ್ಪು ತಿಳಿವಳಿಕೆಯ ಕಥೆಯಾಗಿಸುತ್ತಾರೆ. ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಾಣುವುದು ಬೇರೆಯೇ. ಪ್ರತಿಯೊಂದು ಘಟ್ಟದಲ್ಲೂ ದೆಹಲಿ ಗಡಿಯ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಉಳಿದ ವ್ಯವಹಾರ ಮುಂದುವರಿಸಿತು, ಹಾಗೆ ಸಮಯ ಕೊಂಡುಕೊಂಡಿತು. ಆದರೆ ಕೊಂಡುಕೊಂಡ ಸಮಯವನ್ನು ಬೀಜಿಂಗ್ ನಮಗಿಂತ ಚೆನ್ನಾಗಿ ಬಳಸಿಕೊಂಡಿತು. ಬೆಳೆಯುತ್ತಿರುವ ಶಕ್ತಿಯ ಜತೆಗಿನ ವ್ಯಾಜ್ಯದಲ್ಲಿ ಮುಂದೂಡಿಕೆ ಎಂದೂ ತಟಸ್ಥವಲ್ಲ ಎಂಬುದೇ ಈ ಏಳೂವರೆ ದಶಕಗಳ ಮುಖ್ಯ ಪಾಠ.

1949ರ ಅಕ್ಟೋಬರ್‌ನಲ್ಲಿ ಮಾವೋ ಹೊಸ ಗಣರಾಜ್ಯವನ್ನು ಘೋಷಿಸಿದಾಗ ಚೀನಾವನ್ನು ಏರುತ್ತಿರುವ ಶಕ್ತಿ ಎಂದು ಕರೆಯುವ ಸ್ಥಿತಿ ಇರಲಿಲ್ಲ. ಜಪಾನಿನ ದಾಳಿ, ಅಂತರ್ಯುದ್ಧ, ಹಸಿವು ಇವುಗಳಿಂದ ದೇಶ ಜರ್ಜರಿತವಾಗಿತ್ತು. ವಿಶ್ವಸಂಸ್ಥೆಯ ಪೀಠದಲ್ಲಿ ಕೂತಿದ್ದವರು ತೈವಾನಿಗೆ ಓಡಿಹೋದ ಚಿಯಾಂಗ್ ಕೈಶೇಕ್ ಕಡೆಯವರು. ಭಾರತ ಅದೇ ವರ್ಷದ ಡಿಸೆಂಬರ್ 30ರಂದು ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು, 1950ರ ಏಪ್ರಿಲ್ 1ರಂದು ರಾಜತಾಂತ್ರಿಕ ಸಂಬಂಧ ಬೆಳೆಸಿತು, ವಿಶ್ವಸಂಸ್ಥೆಯಲ್ಲಿ ಅದರ ಸ್ಥಾನಕ್ಕಾಗಿ ವಾದಿಸಿತು. ಅಮೆರಿಕ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಚೀನಾಕ್ಕೆ ಭಾರತದ ಅಗತ್ಯ ಬಹಳವಿತ್ತು. 1950ರ ಅಕ್ಟೋಬರ್‌ನಲ್ಲಿ ಚೀನೀ ಸೇನೆ ಟಿಬೆಟ್‌ಗೆ ನುಗ್ಗಿದಾಗ ಚಿತ್ರ ಬದಲಾಯಿತು. ಶತಮಾನಗಳಿಂದ ಟಿಬೆಟ್‌ಗೆ ಅಂಟಿಕೊಂಡಿದ್ದ ನಮ್ಮ ಉತ್ತರದ ಅಂಚು ಮೊದಲ ಬಾರಿಗೆ ಒಂದು ದೊಡ್ಡ ಸೇನೆಯ ಅಂಚಾಯಿತು. ನವೆಂಬರ್ 7ರಂದು ವಲ್ಲಭಭಾಯಿ ಪಟೇಲರು ನೆಹರೂ ಅವರಿಗೆ ಬರೆದ ಪತ್ರ ಇದನ್ನೇ ಎಚ್ಚರಿಸಿತ್ತು. ನೆಹರೂ ಈ ಅಪಾಯವನ್ನು ಕಾಣಲೇ ಇಲ್ಲ ಎನ್ನುವುದು ಸರಿಯಲ್ಲ. ಅದೇ ತಿಂಗಳು ಅವರು ಸಂಸತ್ತಿನಲ್ಲಿ, ನಕ್ಷೆ ಇರಲಿ ಬಿಡಲಿ ಮ್ಯಾಕ್‌ಮಹೋನ್ ರೇಖೆಯೇ ನಮ್ಮ ಗಡಿ ಎಂದು ಸ್ಪಷ್ಟವಾಗಿ ಹೇಳಿದ್ದರು. ಅವರ ಲೆಕ್ಕ ಇಷ್ಟೇ: ಗಡಿ ನಮಗೆ ಖಚಿತವಿದೆ, ನಾವಾಗಿ ಚರ್ಚೆಗೆ ಎತ್ತಿದರೆ ಅದು ಅನಿಶ್ಚಿತವೆಂದು ನಾವೇ ಒಪ್ಪಿಕೊಂಡಂತೆ, ಚೀನಾ ಸುಮ್ಮನಿರುವಷ್ಟು ಕಾಲ ನಾವೂ ಸುಮ್ಮನಿದ್ದರೆ ಕಾಲವೇ ಅದನ್ನು ಗಟ್ಟಿ ಮಾಡುತ್ತದೆ.

ಈ ಲೆಕ್ಕದ ಫಲವೇ 1954ರ ಏಪ್ರಿಲ್ 29ರ ಒಪ್ಪಂದ. ಪಂಚಶೀಲದ ಐದು ತತ್ವಗಳನ್ನು ನಾವು ಇಂದಿಗೂ ನೆನೆಯುವುದು ಈ ಒಪ್ಪಂದದ ಪ್ರಸ್ತಾವನೆಯಿಂದಾಗಿ. ಆದರೆ ಪ್ರಸ್ತಾವನೆಯ ಆಚೆಗಿನ ಪುಟಗಳು ಹೆಚ್ಚು ಮಾತನಾಡುತ್ತವೆ. ಬ್ರಿಟಿಷರಿಂದ ಬಳುವಳಿಯಾಗಿ ಬಂದಿದ್ದ ಯಾತುಂಗ್ ಮತ್ತು ಗ್ಯಾಂತ್ಸೆಯ ಸೇನಾ ಕಾವಲನ್ನು ಆರು ತಿಂಗಳೊಳಗೆ ಹಿಂದಕ್ಕೆ ಕರೆಸಿಕೊಳ್ಳಲು ಭಾರತ ಒಪ್ಪಿತು. ಟಿಬೆಟ್‌ನಲ್ಲಿ ತಾನು ನಡೆಸುತ್ತಿದ್ದ ಅಂಚೆ, ತಂತಿ, ದೂರವಾಣಿ ವ್ಯವಸ್ಥೆಯನ್ನೂ 12 ಪ್ರವಾಸಿ ಬಂಗಲೆಗಳನ್ನೂ ಬಿಟ್ಟುಕೊಟ್ಟಿತು. ಟಿಬೆಟನ್ನು ಚೀನಾದ ಪ್ರದೇಶವೆಂದು ಒಪ್ಪಂದದ ಹೆಸರಿನಲ್ಲೇ ಒಪ್ಪಿಕೊಂಡಿತು. ಪ್ರತಿಯಾಗಿ ಸಿಕ್ಕಿದ್ದು ವ್ಯಾಪಾರಿಗಳಿಗೂ ಯಾತ್ರಿಕರಿಗೂ ಶಿಪ್ಕಿ, ಮಾನಾ, ನೀತಿ, ಲಿಪುಲೇಖ್ ಮೊದಲಾದ ಆರು ಕಣಿವೆ ದಾರಿಗಳು. ಗಡಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಒಪ್ಪಂದದ ಅವಧಿ ಎಂಟೇ ವರ್ಷ. ಕಣಿವೆ ದಾರಿಗಳನ್ನು ಹೆಸರಿಸಿದ್ದೇ ಗಡಿಯನ್ನು ಒಪ್ಪಿಕೊಂಡಂತೆ ಎಂದು ದೆಹಲಿ ಭಾವಿಸಿತು. ಇತ್ಯರ್ಥಕ್ಕೆ ಪಕ್ವವಾದ ವಿಷಯಗಳನ್ನು ಮಾತ್ರ ಎತ್ತಿಕೊಂಡಿದ್ದೇವೆ ಎಂಬುದು ಬೀಜಿಂಗ್‌ನ ನಿಲುವಾಗಿತ್ತು. ಆಗಲೇ ಗಡಿ ಎತ್ತಿದ್ದರೆ ಚೀನಾ ಒಪ್ಪುತ್ತಿತ್ತೇ ಎಂದು ಕೇಳಬಹುದು. ಖಚಿತವಾಗಿ ಹೇಳಲಾಗದು. ಆದರೆ ಒಪ್ಪದಿದ್ದರೂ ನಮಗೆ ಲಾಭವಿತ್ತು: ತಕರಾರು ಎಲ್ಲಿದೆ ಎಂಬುದು ಮೂರು ನಾಲ್ಕು ವರ್ಷ ಮೊದಲೇ ತಿಳಿಯುತ್ತಿತ್ತು, ಅದೂ ಲಡಾಖಿನ ಅಕ್ಸಾಯ್ ಚಿನ್‌ನಲ್ಲಿ ಇನ್ನೂ ರಸ್ತೆ ಏಳದಿದ್ದ ಕಾಲದಲ್ಲಿ. ಕೊಡುವುದಕ್ಕೆ ಕೈಯಲ್ಲಿ ಏನಾದರೂ ಇದ್ದಾಗಲೇ ಕೇಳಬೇಕು ಎಂಬ ಚೌಕಾಸಿಯ ಮೊದಲ ಪಾಠವನ್ನು ನಾವು ಅಂದು ಬಿಟ್ಟೆವು.

ಮೌನ ಎಷ್ಟು ದುಬಾರಿ ಎಂಬುದು ಬೇಗ ಗೊತ್ತಾಯಿತು. ಷಿನ್‌ಜಿಯಾಂಗ್ ಮತ್ತು ಟಿಬೆಟನ್ನು ಜೋಡಿಸುವ ಹೆದ್ದಾರಿ ಅಕ್ಸಾಯ್ ಚಿನ್ ಮೂಲಕವೇ 1957ರಲ್ಲಿ ಪೂರ್ಣಗೊಂಡಿತು. ಭಾರತ ಪ್ರತಿಭಟನಾ ಪತ್ರ ಕೊಟ್ಟಿದ್ದು 1958ರ ಅಕ್ಟೋಬರ್‌ನಲ್ಲಿ. ಮುಂದಿನ ಜನವರಿಯಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಪತ್ರ ಬರೆದು, ಎರಡೂ ದೇಶಗಳ ಗಡಿ ಎಂದೂ ವಿಧಿವತ್ತಾಗಿ ನಿಗದಿಯಾಗಿಯೇ ಇಲ್ಲ ಎಂದರು. ಮಾರ್ಚ್‌ನಲ್ಲಿ ದಲೈಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ನಿರಾಶ್ರಿತರ ಒಂದು ದೊಡ್ಡ ಪಾಲು ಅಂದಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಕೊಟ್ಟ ಕಾಡುನೆಲದಲ್ಲಿ ನೆಲೆಯೂರಿತು. ಮುಂಡಗೋಡು ಮತ್ತು ಕೊಳ್ಳೇಗಾಲದ ಕಡೆಯ ಶಿಬಿರಗಳು ಆಮೇಲೆ ಬಂದವು. ಟಿಬೆಟ್ ಎಂಬ ದೂರದ ಪ್ರಶ್ನೆ ಹೀಗೆ ಕರ್ನಾಟಕದ ಜೋಳದ ಹೊಲಗಳ ಪಕ್ಕಕ್ಕೂ ಬಂತು. 1959ರ ಅಕ್ಟೋಬರ್ 21ರಂದು ಲಡಾಖಿನ ಕೊಂಗ್ಕಾ ಲಾ ಬಳಿ ಚೀನೀ ಗುಂಡಿಗೆ ನಮ್ಮ ಪೊಲೀಸರು ಬಲಿಯಾದರು. ಪ್ರತಿ ವರ್ಷ ನಮ್ಮ ಜಿಲ್ಲಾ ಕೇಂದ್ರಗಳ ಕವಾಯತು ಮೈದಾನಗಳಲ್ಲಿ ನಡೆಯುವ ಪೊಲೀಸ್ ಹುತಾತ್ಮರ ದಿನಾಚರಣೆ ಆ ದಿನದ್ದೇ. ಗಡಿ ಪ್ರಶ್ನೆ ಆವರೆಗೆ ಕಡತದಲ್ಲಿತ್ತು. ಆಮೇಲೆ ಅದು ಬೀದಿಗೂ ಸಂಸತ್ತಿಗೂ ಬಂತು.

ಚೌ ಎನ್‌ಲಾಯ್ 1960ರ ಏಪ್ರಿಲ್‌ನಲ್ಲಿ ದೆಹಲಿಗೆ ಬಂದಾಗ ಮುಂದಿಟ್ಟ ಸೂಚನೆಯ ಸಾರ ಎಲ್ಲರಿಗೂ ಅರ್ಥವಾಗಿತ್ತು: ಪೂರ್ವದಲ್ಲಿ ನಿಮ್ಮ ಹಿಡಿತವನ್ನು ನಾವು ಒಪ್ಪುತ್ತೇವೆ, ಪಶ್ಚಿಮದಲ್ಲಿ ನಮ್ಮದನ್ನು ನೀವು ಒಪ್ಪಿ. ನೆಹರೂ ಒಪ್ಪಲಿಲ್ಲ. ಅದು ತಪ್ಪಿಹೋದ ಅವಕಾಶ ಎಂದು ಕೆಲವು ಇತಿಹಾಸಕಾರರು ಬರೆದಿದ್ದಾರೆ. ಆದರೆ ಆ ಹೊತ್ತಿಗೆ ನೆಹರೂ ಅವರ ಕೈ ಕಟ್ಟಿತ್ತು. ರಹಸ್ಯವಾಗಿ ರಸ್ತೆ ಮಾಡಿಕೊಂಡವರಿಗೆ ಆ ನೆಲವನ್ನೇ ಬಹುಮಾನವಾಗಿ ಕೊಡುವುದೇ ಎಂಬ ಪ್ರಶ್ನೆಗೆ ಯಾವ ಸಂಸತ್ ಸದಸ್ಯನ ಬಳಿಯೂ ಉತ್ತರವಿರಲಿಲ್ಲ. ಹಿಂದಿನ ತಿಂಗಳಷ್ಟೇ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೇಶದ ನೆಲ ಬಿಟ್ಟುಕೊಡಬೇಕಾದರೆ ಸಂವಿಧಾನ ತಿದ್ದುಪಡಿಯೇ ಆಗಬೇಕು ಎಂದು ಅಭಿಪ್ರಾಯ ಕೊಟ್ಟಿತ್ತು. 1954ರಲ್ಲಿ ಇಬ್ಬರು ಪ್ರಧಾನಿಗಳ ನಡುವೆ ಮುಗಿಯಬಹುದಾಗಿದ್ದ ಮಾತು ಆರು ವರ್ಷದಲ್ಲಿ ಇಡೀ ದೇಶದ ಮಾನದ ಪ್ರಶ್ನೆಯಾಗಿತ್ತು. ಆಮೇಲಿನದು ಗೊತ್ತಿರುವ ಕಥೆ: 1961ರ ಕೊನೆಯಲ್ಲಿ ಮುಂಚೂಣಿ ಠಾಣೆಗಳನ್ನು ಸ್ಥಾಪಿಸುವ ನೀತಿ, 1962ರ ಜೂನ್‌ನಲ್ಲಿ ಪಂಚಶೀಲ ಒಪ್ಪಂದದ ಅವಧಿ ಮುಗಿದದ್ದು, ಅಕ್ಟೋಬರ್ 20ರಂದು ದಾಳಿ, ನವೆಂಬರ್ 21ರಂದು ಚೀನಾದ ಏಕಪಕ್ಷೀಯ ಕದನವಿರಾಮ. ಆ ಜುಲೈನಲ್ಲೇ, ನಿವೃತ್ತ ಸೇನಾ ಮುಖ್ಯಸ್ಥರಾಗಿದ್ದ ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಒಂದು ಲೇಖನದಲ್ಲಿ, ಚೀನಾದ ವಿರುದ್ಧ ಭಾರತ ಒಂಟಿಯಾಗಿ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತಾನು ಊಹಿಸಲಾರೆ, ದೇಶದ ಭದ್ರತೆಯನ್ನು ರಾಜಕಾರಣಿಗಳೂ ರಾಯಭಾರಿಗಳೂ ನೋಡಿಕೊಳ್ಳಬೇಕು ಎಂಬ ಅರ್ಥದಲ್ಲಿ ಬರೆದಿದ್ದರು. ರಾಜತಂತ್ರ ಸಮಯ ಕೊಳ್ಳುತ್ತದೆ ಎಂದು ಸೇನೆ, ಸೇನೆ ಗಡಿ ಕಾಯುತ್ತದೆ ಎಂದು ರಾಜತಂತ್ರ ನಂಬಿ ಕೂತಿದ್ದವು.

ಯುದ್ಧದ ನಂತರದ ಕಾಲು ಶತಮಾನ ಬಹುಪಾಲು ಹೆಪ್ಪುಗಟ್ಟಿದ ಕಾಲ. ಯುದ್ಧ ನಡೆಯುತ್ತಿದ್ದಾಗಲೇ, 1962ರ ನವೆಂಬರ್ 14ರಂದು ಸಂಸತ್ತು ಕಳೆದುಕೊಂಡ ನೆಲವನ್ನು ಮರಳಿ ಪಡೆಯುವ ನಿರ್ಣಯ ಮಾಡಿತು. 1967ರಲ್ಲಿ ನಾಥೂ ಲಾದಲ್ಲಿ ನಮ್ಮ ಸೇನೆ ಗಟ್ಟಿಯಾಗಿ ನಿಂತಿತು. 1975ರಲ್ಲಿ ತುಲುಂಗ್ ಲಾದಲ್ಲಿ ನಾಲ್ವರು ಅಸ್ಸಾಂ ರೈಫಲ್ಸ್ ಯೋಧರು ಹತರಾದರು. 1976ರಲ್ಲಿ ಕೆ.ಆರ್. ನಾರಾಯಣನ್ ರಾಯಭಾರಿಯಾಗಿ ಬೀಜಿಂಗ್‌ಗೆ ಹೋದರು. 1979ರ ಫೆಬ್ರುವರಿಯಲ್ಲಿ ವಿದೇಶಾಂಗ ಸಚಿವ ವಾಜಪೇಯಿ ಚೀನಾದಲ್ಲಿದ್ದಾಗಲೇ ಅದು ವಿಯೆಟ್ನಾಂ ಮೇಲೆ ದಾಳಿ ಮಾಡಿದ್ದರಿಂದ ಭೇಟಿ ಅರ್ಧಕ್ಕೇ ನಿಂತಿತು. ಮರುವರ್ಷ ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ಹಳೆಯ ಅದಲುಬದಲಿನ ಸೂಚನೆಯನ್ನೇ ಮತ್ತೆ ಮುಂದಿಟ್ಟರು. ದೆಹಲಿ ಅದಕ್ಕೆ ಸ್ಪಂದಿಸದೆ, ವಲಯವಾರು ಚರ್ಚೆಯಾಗಲಿ ಎಂದಿತು. 1980ರ ದಶಕದ ನಡುವಿನ ಹೊತ್ತಿಗೆ ಚೀನಾ ರಾಗ ಬದಲಿಸಿತ್ತು. ಪೂರ್ವದಲ್ಲೂ, ವಿಶೇಷವಾಗಿ ತವಾಂಗ್‌ನಲ್ಲಿ, ಭಾರತ ಬಿಟ್ಟುಕೊಡಬೇಕು ಎನ್ನತೊಡಗಿತು. ಒಂದೇ ಸರಕಿಗೆ ಹೊತ್ತು ಕಳೆದಂತೆ ಬೆಲೆ ಏರುವುದೆಂದರೆ ಇದು. ಸುಮ್ದೊರೋಂಗ್ ಚು ಕಣಿವೆಯಲ್ಲಿ 1986–87ರಲ್ಲಿ ಎರಡೂ ಸೇನೆಗಳು ಮುಖಾಮುಖಿಯಾದವು.

1988ರ ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿ ಬೀಜಿಂಗ್‌ಗೆ ಹೋದದ್ದು 34 ವರ್ಷಗಳಲ್ಲಿ ಭಾರತದ ಪ್ರಧಾನಿಯೊಬ್ಬರ ಮೊದಲ ಭೇಟಿ. ಗಡಿ ಇತ್ಯರ್ಥವಾಗದೆ ಬೇರೆ ಸಂಬಂಧವಿಲ್ಲ ಎಂಬ ನಿಲುವನ್ನು ಭಾರತ ಅಲ್ಲಿ ಕೈಬಿಟ್ಟಿತು. ಅದರ ಮೇಲೆ ಒಂದೊಂದಾಗಿ ಒಪ್ಪಂದಗಳು ಎದ್ದವು. 1993ರಲ್ಲಿ ವಾಸ್ತವ ನಿಯಂತ್ರಣ ರೇಖೆಯಲ್ಲಿ ಶಾಂತಿ ಕಾಪಾಡುವ ಒಪ್ಪಂದ, 1996ರಲ್ಲಿ ಸೇನಾ ವಿಶ್ವಾಸ ವರ್ಧನೆಯ ಒಪ್ಪಂದ, 2003ರಲ್ಲಿ ವಿಶೇಷ ಪ್ರತಿನಿಧಿಗಳ ಮಾತುಕತೆ, 2005ರಲ್ಲಿ ಇತ್ಯರ್ಥದ ರಾಜಕೀಯ ಸೂತ್ರಗಳು, 2013ರಲ್ಲಿ ಗಡಿ ರಕ್ಷಣಾ ಸಹಕಾರ. 1996ರ ಒಪ್ಪಂದ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸುವುದನ್ನು, ಸಿಡಿಮದ್ದು ಬಳಸುವುದನ್ನು, ಬಂದೂಕಿನಿಂದ ಬೇಟೆಯಾಡುವುದನ್ನೂ ನಿಷೇಧಿಸಿತು. ಇಷ್ಟು ಸೂಕ್ಷ್ಮವಾಗಿ ಬರೆದ ದಾಖಲೆಯಲ್ಲಿ ಒಂದು ದೊಡ್ಡ ತೂತಿತ್ತು: ಆ ರೇಖೆ ಎಲ್ಲಿದೆ ಎಂಬುದನ್ನೇ ಇಬ್ಬರೂ ಗುರುತಿಸಿಕೊಂಡಿರಲಿಲ್ಲ. ನಕ್ಷೆಗಳ ವಿನಿಮಯ ಆಗಬೇಕೆಂದು ಒಪ್ಪಂದವೇ ಹೇಳಿತ್ತು. 2000ದಲ್ಲಿ ಮಧ್ಯ ವಲಯದ ನಕ್ಷೆಗಳು ಕೈ ಬದಲಾದವು. 2002ರಲ್ಲಿ ಪಶ್ಚಿಮ ವಲಯದ ನಕ್ಷೆಗಳನ್ನು ಪರಸ್ಪರ ತೋರಿಸಿಕೊಂಡರೂ ಕೊಟ್ಟುಕೊಳ್ಳಲಿಲ್ಲ. ಅಲ್ಲಿಗೆ ಆ ಕೆಲಸ ನಿಂತಿತು. ಗಡಿಯ ಉದ್ದದ ಬಗ್ಗೆಯೇ ಒಮ್ಮತವಿಲ್ಲ: ನಮ್ಮ ಲೆಕ್ಕದಲ್ಲಿ 3,488 ಕಿಲೋಮೀಟರ್, ಚೀನಾದ ಲೆಕ್ಕದಲ್ಲಿ ಸುಮಾರು 2,000.

ಈ ಒಪ್ಪಂದಗಳು ಕೊಟ್ಟ ಸಮಯದಲ್ಲಿ ಯಾರು ಏನು ಮಾಡಿದರು ಎಂಬುದೇ ಮುಖ್ಯ. ವಿಶ್ವಬ್ಯಾಂಕಿನ ಅಂಕಿಗಳಂತೆ 1990ರಲ್ಲಿ ಚೀನಾದ ಜಿಡಿಪಿ ಸುಮಾರು 36,000 ಕೋಟಿ ಡಾಲರ್, ಭಾರತದ್ದು ಸುಮಾರು 32,000 ಕೋಟಿ. ಹೆಚ್ಚುಕಡಿಮೆ ಸಮಾನರು ಎನ್ನಬಹುದು. 2023ರಲ್ಲಿ ಚೀನಾದ್ದು ಸುಮಾರು 17.8 ಲಕ್ಷ ಕೋಟಿ ಡಾಲರ್, ನಮ್ಮದು 3.6 ಲಕ್ಷ ಕೋಟಿ, ಅಂದರೆ ಐದನೇ ಒಂದು ಭಾಗ. 2006ರಲ್ಲಿ ರೈಲು ಲ್ಹಾಸಾ ತಲುಪಿತು. ನಮ್ಮ ಕಡೆ, ಗಡಿ ರಸ್ತೆ ಸಂಸ್ಥೆಗೆ ವಹಿಸಿದ್ದ 61 ಆಯಕಟ್ಟಿನ ರಸ್ತೆಗಳು 2012ಕ್ಕೆ ಮುಗಿಯಬೇಕಿತ್ತು; 2016ರ ಮಾರ್ಚ್‌ವರೆಗೆ ಪೂರ್ಣವಾಗಿದ್ದು 22 ಎಂದು ಮಹಾಲೇಖಪಾಲರ ವರದಿ ಹೇಳಿತು. ದೌಲತ್ ಬೇಗ್ ಓಲ್ಡಿಗೆ ಹೋಗುವ 255 ಕಿಲೋಮೀಟರ್ ರಸ್ತೆ ಸರ್ವಋತು ದಾರಿಯಾಗಲು 2019 ಬರಬೇಕಾಯಿತು. ಹಳ್ಳಿಯ ಬದುವಿನ ವ್ಯಾಜ್ಯದಲ್ಲಿ ಆಗುವುದೇ ಇಲ್ಲೂ ಆಯಿತು. ವಾಯಿದೆ ಮೇಲೆ ವಾಯಿದೆ ಬೀಳುತ್ತ ಹೋದರೆ ತೀರ್ಪು ಬರುವ ಹೊತ್ತಿಗೆ ಒತ್ತುವರಿದಾರನ ತೆಂಗಿನ ಗಿಡಗಳು ಫಲಕ್ಕೆ ಬಂದಿರುತ್ತವೆ.

ಫಲ ಕಾಣತೊಡಗಿದ್ದು 2013ರಿಂದ. ಆ ಏಪ್ರಿಲ್‌ನಲ್ಲಿ ಚೀನೀ ತುಕಡಿ ದೆಪ್ಸಾಂಗ್‌ನಲ್ಲಿ ಡೇರೆ ಹಾಕಿತು. 2014ರ ಸೆಪ್ಟೆಂಬರ್‌ನಲ್ಲಿ ಷಿ ಜಿನ್‌ಪಿಂಗ್ ಅಹಮದಾಬಾದ್‌ನಲ್ಲಿ ಅತಿಥಿಯಾಗಿದ್ದಾಗಲೇ ಚುಮಾರ್‌ನಲ್ಲಿ ಸೇನೆಗಳು ಎದುರಾದವು. 2017ರಲ್ಲಿ ಡೋಕ್ಲಾಮ್‌ನಲ್ಲಿ 73 ದಿನ ಬಿಕ್ಕಟ್ಟು. ವುಹಾನ್ ಮತ್ತು ಮಾಮಲ್ಲಪುರದ ಅನೌಪಚಾರಿಕ ಶೃಂಗಸಭೆಗಳು ಇದರ ಮೇಲೆ ತೇಪೆ ಹಾಕಿದವು, ಅಷ್ಟೆ. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ 20 ಭಾರತೀಯ ಯೋಧರು ಸತ್ತರು. ತನ್ನ ನಾಲ್ವರು ಸತ್ತಿದ್ದಾರೆಂದು ಚೀನಾ ಒಪ್ಪಿದ್ದು ಎಂಟು ತಿಂಗಳ ನಂತರ. ಕಲ್ಲು, ಕಬ್ಬಿಣದ ಸಲಾಕೆ, ಮೊಳೆ ಬಡಿದ ದೊಣ್ಣೆ ಅಲ್ಲಿ ಆಯುಧಗಳಾದದ್ದಕ್ಕೆ ಗುಂಡು ಹಾರಿಸಬಾರದೆಂಬ ಹಳೆಯ ಒಪ್ಪಂದವೇ ಕಾರಣ. ಒಪ್ಪಂದದ ಅಕ್ಷರ ಉಳಿದು ಆಶಯ ಸತ್ತ ರಾತ್ರಿ ಅದು. ಆಮೇಲೆ 20ಕ್ಕೂ ಹೆಚ್ಚು ಸುತ್ತು ಸೇನಾ ಕಮಾಂಡರ್‌ಗಳ ಮಾತುಕತೆ ನಡೆದು ಗಾಲ್ವಾನ್, ಪ್ಯಾಂಗಾಂಗ್, ಗೋಗ್ರಾ, ಹಾಟ್‌ಸ್ಪ್ರಿಂಗ್ಸ್‌ಗಳಲ್ಲಿ ಸೇನೆಗಳು ಹಿಂದೆ ಸರಿದು ನಡುವೆ ಯಾರೂ ಕಾಲಿಡದ ಪಟ್ಟಿಗಳು ಮೂಡಿದವು. ಮೊದಲು ಗಸ್ತು ತಿರುಗುತ್ತಿದ್ದ ಕಡೆ ಈಗ ಹೋಗದಿರುವುದೇ ಶಾಂತಿಯ ಷರತ್ತಾಯಿತು.

ವ್ಯಾಪಾರ ಹೆಚ್ಚಿದರೆ ಜಗಳ ತಣ್ಣಗಾಗುತ್ತದೆ ಎಂಬುದು 1988ರ ನೀತಿಯ ಇನ್ನೊಂದು ಆಧಾರಸ್ತಂಭ. ವ್ಯಾಪಾರವೇನೋ ಹೆಚ್ಚಿತು. 2024–25ರಲ್ಲಿ ಚೀನಾದಿಂದ ಆಮದು ಸುಮಾರು 11,300 ಕೋಟಿ ಡಾಲರ್, ನಮ್ಮ ರಫ್ತು ಸುಮಾರು 1,400 ಕೋಟಿ. ಕೊರತೆ 9,900 ಕೋಟಿ ಡಾಲರ್. ಗಾಲ್ವಾನ್ ನಂತರ 59 ಆ್ಯಪ್‌ಗಳನ್ನು ನಿಷೇಧಿಸಿದೆವು, ಚೀನೀ ಹೂಡಿಕೆಗೆ ಪೂರ್ವಾನುಮತಿಯನ್ನು ಗಾಲ್ವಾನ್‌ಗೂ ಮೊದಲೇ, 2020ರ ಏಪ್ರಿಲ್‌ನಲ್ಲಿ ಕಡ್ಡಾಯ ಮಾಡಿದ್ದೆವು. ಆದರೂ ಆಮದು ಏರುತ್ತಲೇ ಹೋಯಿತು. ಬರುತ್ತಿರುವುದು ದೀಪಾವಳಿಯ ಸರಪಟಾಕಿ, ಬಣ್ಣದ ಬಲ್ಬುಗಳಲ್ಲ. ಔಷಧಿಗಳ ಮೂಲವಸ್ತು, ಸೌರಫಲಕದ ಕೋಶ, ಮೊಬೈಲಿನ ಬಿಡಿಭಾಗ, ಕಾರ್ಖಾನೆಯ ಯಂತ್ರ. ಇವಿಲ್ಲದೆ ನಮ್ಮ ಸ್ವಂತ ರಫ್ತೂ ನಡೆಯದು. 2025ರ ಏಪ್ರಿಲ್‌ನಲ್ಲಿ ಅಪರೂಪದ ಲೋಹಗಳ ಅಯಸ್ಕಾಂತಗಳ ರಫ್ತಿಗೆ ಚೀನಾ ಲೈಸೆನ್ಸ್ ಕಟ್ಟಳೆ ಹಾಕಿದಾಗ ನಮ್ಮ ವಾಹನ ತಯಾರಕರು ಕಂಗಾಲಾದರು. ಪರಸ್ಪರ ಅವಲಂಬನೆ ಶಾಂತಿ ತರುವುದು ಅವಲಂಬನೆ ಇಬ್ಬದಿಯಲ್ಲೂ ಇದ್ದಾಗ. ಒಂದೇ ಬದಿಗೆ ಇದ್ದರೆ ಅದು ಇನ್ನೊಬ್ಬರ ಕೈಯಲ್ಲಿನ ಲಗಾಮು.

ಈ ವಾದಕ್ಕೆ ಮೂರು ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು: ಮುಂದೂಡಿಕೆಯಿಂದ 1975ರಿಂದ 2020ರವರೆಗೆ 45 ವರ್ಷ ಗಡಿಯಲ್ಲಿ ಗುಂಡಿಗೆ ಒಬ್ಬ ಯೋಧನೂ ಸಾಯಲಿಲ್ಲ, ಆ ಶಾಂತಿಯಲ್ಲೇ ಭಾರತ ಆರ್ಥಿಕವಾಗಿ ಎದ್ದು ನಿಂತಿತು, ಅಣ್ವಸ್ತ್ರ ಶಕ್ತಿಯಾಯಿತು. ಇದು ನಿಜ. 1988ರ ನಿರ್ಧಾರ ತಪ್ಪೆಂದು ನಾನು ಹೇಳುತ್ತಿಲ್ಲ. 1991ರ ವಿದೇಶಿ ವಿನಿಮಯ ಬಿಕ್ಕಟ್ಟಿನ ಹೊಸ್ತಿಲಲ್ಲಿದ್ದ ದೇಶಕ್ಕೆ ಬೇರೆ ದಾರಿಯೂ ಇರಲಿಲ್ಲ. ತಪ್ಪಾಗಿದ್ದು ಸಮಯ ಕೊಂಡದ್ದರಲ್ಲಲ್ಲ, ಕೊಂಡ ಸಮಯವನ್ನೇ ಪರಿಹಾರವೆಂದು ಭಾವಿಸಿದ್ದರಲ್ಲಿ. ಎರಡನೆಯದು: ಚೀನಾಕ್ಕೆ ಇತ್ಯರ್ಥ ಬೇಕಿರಲೇ ಇಲ್ಲ, ಹಾಗಾಗಿ ನಾವೇನು ಮಾಡಿದ್ದರೂ ಅಷ್ಟೆ. ದಾಖಲೆ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಬರ್ಮಾ, ನೇಪಾಳ, ಮಂಗೋಲಿಯಾ, ಪಾಕಿಸ್ತಾನ, ಅಫ್ಘಾನಿಸ್ತಾನಗಳ ಜತೆ ಚೀನಾ 1960ರಿಂದ 1963ರೊಳಗೆ ಗಡಿ ಒಪ್ಪಂದ ಮಾಡಿಕೊಂಡಿತು, ರಷ್ಯಾದ ಜತೆ 1991 ಮತ್ತು 2004ರಲ್ಲಿ, ವಿಯೆಟ್ನಾಂ ಜತೆ ಭೂಗಡಿಯನ್ನು 1999ರಲ್ಲಿ ಇತ್ಯರ್ಥಪಡಿಸಿಕೊಂಡಿತು. ಭೂಗಡಿ ಬಾಕಿ ಉಳಿದಿರುವುದು ಭಾರತ ಮತ್ತು ಭೂತಾನದ ಜತೆ ಮಾತ್ರ. ತನಗೆ ನೆರೆಯವರ ಸಹಕಾರ ಬೇಕಾದಾಗಲೆಲ್ಲ ಅದು ಸಹಿ ಹಾಕಿದೆ. ನಮ್ಮ ವಿಷಯದಲ್ಲಿ ಅದಕ್ಕೆ ಅಂಥ ಅಗತ್ಯವಿದ್ದ ಕಾಲ 1950ರ ದಶಕ. 1980ರಲ್ಲೂ ಒಂದಿಷ್ಟು ಇತ್ತು. ಇಂದು ಇತ್ಯರ್ಥವಾಗದ ಗಡಿಯೇ ಅದರ ಕೈಯಲ್ಲಿನ ದಾಳ. ಬೇಕಾದಾಗ ಬಿಸಿ ಮಾಡಬಹುದು, ಬೇಡವಾದಾಗ ಆರಿಸಬಹುದು.

ಮೂರನೆಯ ಆಕ್ಷೇಪ ಇಂದು ಹೆಚ್ಚು ಕೇಳಿಬರುವಂಥದ್ದು: ಹಾಗಾದರೆ ಅಮೆರಿಕದ ಜತೆ ಸಂಪೂರ್ಣವಾಗಿ ಕೈಜೋಡಿಸಬಾರದೇಕೆ? ಹೊರಗಿನ ನೆರವು ಬೇಡವೆಂದಲ್ಲ. 1962ರಲ್ಲಿ ನೆಹರೂ ಅವರೇ ಕೆನಡಿಯವರಿಗೆ ಪತ್ರ ಬರೆಯಬೇಕಾಯಿತು. ಆದರೆ ಮಿತ್ರ ದೇಶದ ಹಿತಾಸಕ್ತಿ ನಮ್ಮ ಗಡಿಯ ಕಾಲಪಟ್ಟಿಗೆ ತಕ್ಕಂತೆ ನಡೆಯುವುದಿಲ್ಲ. 1971ರಲ್ಲಿ ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗ್‌ಗೆ ಹೋಗಿ ಅಮೆರಿಕದ ನೀತಿಯನ್ನೇ ತಿರುಗಿಸಿದ್ದನ್ನು, 2025ರಲ್ಲಿ ವಾಷಿಂಗ್ಟನ್ ಭಾರತದ ಸರಕುಗಳ ಮೇಲೆ ಶೇ 50ರಷ್ಟು ಸುಂಕ ಹೇರಿದ್ದನ್ನು ಜತೆಗಿಟ್ಟು ನೋಡಿದರೆ ಸಾಕು. ಮೈತ್ರಿ ನಮ್ಮ ಶಕ್ತಿಗೆ ಪೂರಕವಾದೀತೇ ಹೊರತು ಅದಕ್ಕೆ ಬದಲಿಯಾಗದು. ರಸ್ತೆ, ಸುರಂಗ, ಔಷಧಿಯ ಮೂಲವಸ್ತು, ಚಿಪ್ ಇವನ್ನು ಯಾವ ಮಿತ್ರನೂ ನಮಗಾಗಿ ಮಾಡಿಕೊಡುವುದಿಲ್ಲ.

ಹಾಗಾಗಿ 2024ರ ಒಪ್ಪಂದವನ್ನು ಅಳೆಯಬೇಕಾದ ಮಾನದಂಡ ಯಾವ ಶೃಂಗಸಭೆಯಲ್ಲಿ ಯಾರು ಯಾರ ಕೈ ಎಷ್ಟು ಹೊತ್ತು ಕುಲುಕಿದರು ಎಂಬುದಲ್ಲ. ಅದು ಮತ್ತೊಮ್ಮೆ ಸಮಯ ಕೊಂಡಿದೆ; ಈ ಬಾರಿ ಹಿಂದೆಂದಿಗಿಂತ ದೊಡ್ಡದಾದ ಅಂತರವನ್ನಿಟ್ಟುಕೊಂಡು ಕೊಂಡಿದೆ. ಆ ಸಮಯದಲ್ಲಿ ಮೂರು ಕೆಲಸಗಳಾಗದಿದ್ದರೆ ಮುಂದಿನ ಬಿಕ್ಕಟ್ಟಿನಲ್ಲಿ ಬೆಲೆ ಇನ್ನೂ ಏರುತ್ತದೆ. ಒಂದು, ನಿಂತುಹೋದ ನಕ್ಷೆ ವಿನಿಮಯವನ್ನು ಪ್ರತಿ ಸುತ್ತಿನಲ್ಲೂ ಪಟ್ಟು ಹಿಡಿದು ಕೇಳಬೇಕು. ಬೀಜಿಂಗ್ ನಿರಾಕರಿಸಿದರೆ ಆ ನಿರಾಕರಣೆ ದಾಖಲಾಗಬೇಕು. ಎರಡು, ಯಾವ ಸರಕಿಗೆ ಚೀನಾವನ್ನು ಬಿಟ್ಟು ಗತಿಯಿಲ್ಲವೋ ಅದರ ಪಟ್ಟಿ ಹಿಡಿದು ವರ್ಷವರ್ಷ ಅವಲಂಬನೆ ತಗ್ಗಿಸಬೇಕು; ಇದಕ್ಕೆ ಬಹಿಷ್ಕಾರದ ಘೋಷಣೆಗಿಂತ ಕಾರ್ಖಾನೆಯ ಕೌಶಲ ಮುಖ್ಯ. ಮೂರು, ಗಡಿಯ ವಾಸ್ತವ ಸ್ಥಿತಿಯನ್ನು ಸಂಸತ್ತಿನ ಮುಂದೆ ಇಡಬೇಕು. 1959ರವರೆಗೆ ವಿಷಯವನ್ನು ಮುಚ್ಚಿಟ್ಟದ್ದರಿಂದಲೇ ಅದು ಹೊರಬಿದ್ದಾಗ ರಾಜಿಯ ಎಲ್ಲ ಬಾಗಿಲುಗಳೂ ಒಟ್ಟಿಗೇ ಮುಚ್ಚಿಕೊಂಡವು. ಮಾಹಿತಿ ಇರುವ ಸಂಸತ್ತು ಮಾತ್ರ ಕೊಡುಕೊಳುವಿಕೆಯ ಲೆಕ್ಕವನ್ನು ತಾಳ್ಮೆಯಿಂದ ಕೇಳಬಲ್ಲದು. ಚೀನಾದ ಜತೆ ಸ್ನೇಹವೋ ಹಗೆಯೋ ಎಂಬುದು ನಮ್ಮ ಆಯ್ಕೆಯಲ್ಲಿಲ್ಲ, ಭೂಗೋಳ ಅದನ್ನು ಮೊದಲೇ ತೀರ್ಮಾನಿಸಿದೆ: ಪಕ್ಕದಲ್ಲೇ ಇರಬೇಕು, ಮಾತಾಡುತ್ತಲೇ ಇರಬೇಕು. ಮಾತಿನಿಂದ ಸಿಕ್ಕ ಪ್ರತಿ ವರ್ಷವನ್ನು ಏನಕ್ಕೆ ಬಳಸುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.